ತಣ್ಣೀರಿಗೆ ಹಾಕಿದ ಹಾಸುಬಟ್ಟೆ

ಎದುರಿನ ಬೆಂಚಿನಲ್ಲಿ ಕೂತವನ ಅಂಗಿಯ ತೋಳಿನ ಮೇಲೆ ಕಂದು ಕಲೆ, ಚಹಾದ್ದು, ನಿನ್ನೆಯದಲ್ಲ, ಅದಕ್ಕೂ ಹಿಂದಿನದು, ಯಾರೋ ಸೋಪು ಹಾಕಿ ಉಜ್ಜಿ ಉಜ್ಜಿ ಸುತ್ತಲಿನ ಬಣ್ಣವನ್ನೂ ಕೆಡಿಸಿದ್ದಾರೆ, ಉಜ್ಜಬೇಡಿ ಅಂತ ಎಷ್ಟು ಬಡಕೊಂಡರೂ ಜನ ಉಜ್ಜುತ್ತಾರೆ, ಕಲೆಯ ಮೇಲೆ ಹಳೇ ದ್ವೇಷ ಇದ್ದವರ ಹಾಗೆ — ಒತ್ತಬೇಕು, ಹಿಂದೊಂದು ಬಟ್ಟೆ ಇಟ್ಟು ಮೆಲ್ಲಗೆ ಒತ್ತಬೇಕು, ಬಂದ ದಾರಿಯಲ್ಲೇ ಅದು ವಾಪಸು ಹೋಗಬೇಕು. ಈ ಕಡೆ ಕೂತ ಅವನಿಗೆ ಇದೊಂದು ಚಾಳಿ, ಮನುಷ್ಯರ ಮುಖಕ್ಕಿಂತ ಮೊದಲು ಬಟ್ಟೆ ಕಣ್ಣಿಗೆ ಬೀಳುತ್ತದೆ, ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಲೆ ತೆಗೆಯುವ ಮೇಜಿನ ಮುಂದೆ ಇಷ್ಟು ವರ್ಷ ನಿಂತ ಮೇಲೆ ಕಣ್ಣು ಹಾಗೇ ಪಳಗಿಬಿಟ್ಟಿದೆ, ಯಾರ ಮನೆಗೆ ಹೋದರೂ ಕಿಟಕಿ ಪರದೆಯ ಅಂಚು, ಸೋಫಾದ ಕೈಯಿಡುವ ಜಾಗ, ದಿಂಬಿನ ನಡು ನೋಡುತ್ತಾನೆ, ನಿನ್ನೆದುರು ಕೂತು ಊಟ ಮಾಡೋಕೆ ಭಯ ಆಗುತ್ತಪ್ಪ, ತುತ್ತು ಜಾರಿದ್ರೆ ನೀನು ನನ್ನ ಮುಖ ನೋಡಲ್ಲ, ಅಂಗಿ ನೋಡ್ತೀಯ ಅಂತ ಯಜಮಾನರು ನಗುತ್ತಾರೆ. ನಗಲಿ, ಆ ಕಣ್ಣಿನಿಂದಲೇ ಅಂಗಡಿ ನಡೆಯುವುದು. ಎದುರಿನ ಮನುಷ್ಯ ಎದ್ದು ಹೋದ, ಕಲೆಯೂ ಅವನ ಜೊತೆ ಹೋಯಿತು.

ಪಕ್ಕದಲ್ಲಿ ಮಗಳು ಪುಟ್ಟಿ ನೀರು ಕುಡಿಯುತ್ತಿದ್ದಾಳೆ, ಬಾಟಲಿ ಎತ್ತಿ ಗಟಗಟ ಅಲ್ಲ, ಗುಟುಕು ಗುಟುಕಾಗಿ, ಮೂತ್ರಕೋಶ ತುಂಬಿದರೇ ಸ್ಕ್ಯಾನಿನಲ್ಲಿ ಸರಿಯಾಗಿ ಕಾಣುವುದಂತೆ, ತುಂಬಿದಾಗ ಹೇಳಮ್ಮ ಅಂತ ಸ್ಕ್ಯಾನ್ ಕೋಣೆಯ ಕಿಟಕಿಯ ಹಿಂದಿನವಳು ಹೇಳಿದ್ದಾಳೆ, ನೀರು ಕುಡಿಯುವುದನ್ನು ಇವಳಿಗೆ ಯಾರೂ ಕಲಿಸಬೇಕಾಗಿಲ್ಲ, ಬೇರೆ ಮಕ್ಕಳು ಅಕ್ಷರ ಕಲಿಯುವ ಹೊತ್ತಿಗೆ ಇವಳು ನೀರು ಕುಡಿಯುವುದು ಕಲಿತಳು. ಸಿಕಲ್ ಸೆಲ್. ಹೆಸರು ಮೊದಲ ಸಲ ಕೇಳಿದಾಗ ಯಾವುದೋ ಸೈಕಲ್ ಭಾಗದ ಹೆಸರು ಅಂದುಕೊಂಡಿದ್ದ. ದುಂಡಗಿರಬೇಕಾದ ರಕ್ತದ ಕಣ ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲಿ ಸಿಕ್ಕಿತೋ ಅಲ್ಲಿ ನೋವು, ಕೈ, ಕಾಲು, ಬೆನ್ನು, ಎದೆ, ಅರ್ಧ ಅವನ ರಕ್ತದಿಂದ, ಅರ್ಧ ಅವಳಮ್ಮನ ರಕ್ತದಿಂದ, ಅವರಿಬ್ಬರಿಗೂ ಒಂದು ನೆಗಡಿಯಷ್ಟು ತೊಂದರೆ ಕೊಡದೆ ಇದ್ದದ್ದು ಇವಳಲ್ಲಿ ಜೋಡಿಯಾಗಿ ಬಂದು ಕೂತಿತು, ಅವಳಮ್ಮ ಇವಳು ಶಾಲೆಗೆ ಸೇರುವ ಮೊದಲೇ ಯಾವುದೋ ಜ್ವರದಲ್ಲಿ ಹೋದಳು, ಈ ರೋಗಕ್ಕೂ ಆ ಜ್ವರಕ್ಕೂ ಸಂಬಂಧ ಇರಲಿಲ್ಲ, ಆದರೂ ಒಂದೇ ಮನೆಯಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಆಮೇಲೆ ಹಾಸಿಗೆ ಒದ್ದೆಯಾಗುವುದು. ವಯಸ್ಸು ಐದಾಯಿತು, ಏಳಾಯಿತು, ಹತ್ತಾದರೂ ನಿಲ್ಲಲಿಲ್ಲ, ಸಂಜೆ ಮೇಲೆ ನೀರು ಕೊಡಬೇಡ ಕಣೋ ಅಂತ ಅಕ್ಕ ಫೋನಿನಲ್ಲಿ ಬುದ್ಧಿ ಹೇಳಿದಳು, ಹಳೇ ಡಾಕ್ಟರು ಮಾತ್ರ ಕಣ್ಣು ಕೆಕ್ಕರಿಸಿ ಬೈದರು, ಆ ಕೆಲಸ ಮಾತ್ರ ಮಾಡಬೇಡಿ, ಇವಳ ಕಿಡ್ನಿಗೆ ನೀರು ಹಿಡಿದಿಟ್ಟುಕೊಳ್ಳೋಕೆ ಬರಲ್ಲ, ಕುಡಿದದ್ದೆಲ್ಲ ತೆಳ್ಳಗೆ ಹೊರಗೆ ಹೋಗುತ್ತೆ, ನೀರು ಕಡಿಮೆಯಾದ್ರೆ ನೋವು ಬರುತ್ತೆ, ಹಾಸಿಗೆ ಒದ್ದೆಯಾದ್ರೆ ಒಗೀಬಹುದು. ಒಗೆಯೋದಾ, ಅಷ್ಟೇ ತಾನೇ — ಅವನಿಗೆ ಹೋದ ಜೀವ ಬಂದಂತಾಯಿತು, ಇಷ್ಟು ದೊಡ್ಡ ರೋಗದಲ್ಲಿ ಕೊನೆಗೂ ತನ್ನ ಕೈಗೆ ಹತ್ತುವ ಕೆಲಸ ಒಂದು ಸಿಕ್ಕಿತಲ್ಲ. ಅಂದಿನಿಂದ ಬೆಳಿಗ್ಗೆ ಅವಳು ಬಚ್ಚಲಿಗೆ ಹೋಗುವುದು, ಅವಳು ಹಲ್ಲುಜ್ಜಿ ಬರುವುದರೊಳಗೆ ಅವನು ಹಾಸುಬಟ್ಟೆ ಎಳೆದು, ರಬ್ಬರ್ ಶೀಟು ಒರೆಸಿ, ಹೊಸ ಹಾಸುಬಟ್ಟೆ ಹಾಸಿ, ಏನೂ ಆಗಿಲ್ಲ ಎಂಬಂತೆ ಅಡುಗೆಮನೆಗೆ ಹೋಗುವುದು, ಈ ವಿಷಯ ಅಪ್ಪ ಮಗಳ ನಡುವೆ ಒಂದು ದಿನವೂ ಬಾಯಿಗೆ ಬಂದದ್ದಿಲ್ಲ. ಒಳ್ಳೇ ಒಪ್ಪಂದ ಎಂದೇ ಅಂದುಕೊಂಡಿದ್ದ.

ಇವತ್ತು ಬಂದದ್ದು ಮಾಮೂಲಿ ತಪಾಸಣೆಗೆ, ರಕ್ತ ಕೊಡುವುದು, ತೂಕ ನೋಡುವುದು, ಎತ್ತರ ನೋಡುವುದು, ಸಿಸ್ಟರು ಮೂತ್ರಕ್ಕೆ ಮುಚ್ಚಳದ ಡಬ್ಬಿ ಕೊಟ್ಟರು, ಪುಟ್ಟಿ ಹೋಗಿ ತುಂಬಿಸಿಕೊಂಡು ಬಂದಳು, ಹಾಲು ಹಾಕದ ಚಹಾದ ಬಣ್ಣ, ಸಿಸ್ಟರು ಬಾಯಿ ತೆರೆಯುವ ಮೊದಲೇ ಅವನು, ಅವಳಿಗೆ ಈಗ ಅದು ಸಿಸ್ಟರ್, ಎಂದ, ತಗ್ಗಿದ ದನಿಯಲ್ಲಿ, ಆದರೆ ದನಿಯೊಳಗೆ ಒಂದಿಷ್ಟು ಹೆಮ್ಮೆ ಇತ್ತು, ಇಲ್ಲ ಅಂದರೆ ಸುಳ್ಳಾಗುತ್ತದೆ. ಹಿಂದಿನ ಸಲವೂ ಹೀಗೇ ಆಗಿತ್ತು, ಅದರ ಹಿಂದಿನ ಸಲವೂ, ಹೌದಾ, ಹಾಗಾದ್ರೆ ಚೆಲ್ಲಿಬಿಡಿ, ರಕ್ತ ಬೆರೆತಿದ್ರೆ ಪರೀಕ್ಷೆಗೆ ಬರಲ್ಲ, ಮುಂದಿನ ಸಲ ನೋಡೋಣ ಅಂದಿದ್ದರು, ಅವನೂ ತಲೆಯಾಡಿಸಿ ಚೆಲ್ಲಿಸಿದ್ದ, ಇವತ್ತು ಹಳೇ ಡಾಕ್ಟರ ಜಾಗದಲ್ಲಿ ಕೂತ ಹೊಸ ಡಾಕ್ಟರಮ್ಮ — ಬಿಳಿ ಕೋಟಿನ ಜೇಬಿನ ಮೂಲೆಯಲ್ಲಿ ಪೆನ್ನಿನ ಶಾಯಿ, ಸ್ಪಿರಿಟ್ ಹಾಕಿದರೆ ಐದೇ ನಿಮಿಷದ ಕೆಲಸ — ಚೆಲ್ಲಬೇಡಿ ಇರಿ ಎಂದು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದು ಬಹಳ ಹೊತ್ತು ನೋಡಿದಳು. ಎಷ್ಟು ದಿನ ಇರುತ್ತಮ್ಮ ನಿಂಗೆ, ತಿಂಗಳಿಗೆ ಒಂದು ಸಲಾನಾ, ಪುಟ್ಟಿ ನೆಲ ನೋಡಿದಳು, ಅವನು ಬಾಯಿ ಹಾಕಲು ಹೋದ, ಹಾಗೇನಿಲ್ಲ ಮೇಡಂ, ಶುರುವಿನಲ್ಲಿ ಹಿಂದೆ ಮುಂದೆ ಆಗುತ್ತೆ ಅಂತ ನಮ್ಮಕ್ಕ — ನೀವು ಸ್ವಲ್ಪ ಹೊರಗಿರ್ತೀರಾ. ಬಾಗಿಲು ಹಾಕಿಕೊಂಡಿತು. ಹೆಂಗಸರ ವಿಷಯ, ಇರಲಿ, ಎಂದು ಅವನು ಗೋಡೆಗೆ ಅಂಟಿಸಿದ ಕೈ ತೊಳೆಯುವ ವಿಧಾನ ಓದಿದ, ಮೇಲಿಂದ ಕೆಳಗೆ, ಮತ್ತೆ ಕೆಳಗಿಂದ ಮೇಲೆ. ಬಾಗಿಲು ತೆರೆದಾಗ ಡಾಕ್ಟರಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು, ಇದು ಪೀರಿಯಡ್ಸ್ ಅಲ್ಲ, ಇವಳಿಗೆ ಅದು ಇನ್ನೂ ಶುರುವೇ ಆಗಿಲ್ಲ, ರಕ್ತ ಮೂತ್ರದಲ್ಲಿ ಬರ್ತಿದೆ, ಕಿಡ್ನಿಯಿಂದ, ಆ ಬಾಗಿದ ಕಣಗಳು ಕಿಡ್ನಿ ಒಳಗೂ ಸಿಕ್ಕಿಕೊಳ್ತವೆ, ಅಲ್ಲಿನ ತುದಿ ಸ್ವಲ್ಪ ಸ್ವಲ್ಪವಾಗಿ ಸಾಯುತ್ತೆ, ಸತ್ತ ಕಡೆಯಿಂದ ರಕ್ತ, ನೋವಿರಲ್ಲ ಅದಕ್ಕೇ ಗೊತ್ತಾಗಲ್ಲ, ಎಷ್ಟು ತಿಂಗಳಿಂದ ಹೀಗಿದೆ? ಅವನು ಹೇಳಿದ. ತಿಂಗಳು ಅವನಿಗೆ ಚೆನ್ನಾಗಿ ನೆನಪಿತ್ತು, ಮರೆಯುವಂಥ ತಿಂಗಳಾಗಿರಲಿಲ್ಲ.

ಏಕೆಂದರೆ ಆ ಬೆಳಿಗ್ಗೆ ಅವನ ಕಾಲು ನೆಲದ ಮೇಲಿರಲಿಲ್ಲ. ಅವಳು ಬಚ್ಚಲಲ್ಲಿದ್ದಳು, ಅವನು ಎಂದಿನ ಹಾಗೆ ಹಾಸುಬಟ್ಟೆ ಎಳೆದ, ಸುತ್ತುವ ಮೊದಲು ಕಂಡಿತು, ಕೆಂಪು, ಏನು ಗಾಯವೋ ಅಂದುಕೊಂಡ, ಮರುಗಳಿಗೆ ಎಲ್ಲವೂ ಬೇರೆಯಾಯಿತು, ಓ, ಇದು ಅದು! ಈ ಕಾಯಿಲೆ ಇರೋ ಮಕ್ಕಳು ದೊಡ್ಡವರಾಗೋದು ತಡ, ಎರಡು ಮೂರು ವರ್ಷ ಹಿಂದೆ ಬೀಳ್ತಾರೆ, ಕಾಯಬೇಕು ಅಂತ ಹಳೇ ಡಾಕ್ಟರು ಹೇಳಿದ್ದರು, ಹದಿಮೂರು ತುಂಬಿದರೂ ಹತ್ತರ ಹುಡುಗಿಯಂತೆ ಕಾಣುವ ಮಗಳು, ಅಕ್ಕನ ಮಗಳು ಇವಳಿಗಿಂತ ಚಿಕ್ಕವಳು, ಪಕ್ಕದಲ್ಲಿ ನಿಂತರೆ ಇವಳ ತಲೆ ಅವಳ ಭುಜಕ್ಕೆ, ಆ ಇಬ್ಬರನ್ನೂ ನಿಲ್ಲಿಸಿ ಫೋಟೋ ತೆಗೆಯುವಾಗಲೆಲ್ಲ ಅವನು ಕೂತುಕೊಳ್ಳಿ ಮಕ್ಕಳೇ ಎನ್ನುತ್ತಿದ್ದ — ಕಾಯಬೇಕಾಗಲಿಲ್ಲ, ಬಂತು, ಹಿಂದೆ ಬಿದ್ದಿಲ್ಲ ನನ್ನ ಮಗಳು, ರೋಗ ಅದರ ಪಾಡಿಗೆ ಅದು ಇರಲಿ, ದೇಹ ತನ್ನ ಕೆಲಸ ತಾನು ಮಾಡುತ್ತಿದೆ. ಬಚ್ಚಲ ಬಾಗಿಲ ಹೊರಗೆ ನಿಂತು, ಪುಟ್ಟಿ, ಹೆದರಬೇಡ, ಇದು ಒಳ್ಳೇದೇ, ಎಲ್ಲಾ ಹುಡುಗೀರಿಗೂ ಆಗೋದು, ಅದೇ ಅಲ್ವಾ? ಬಾಗಿಲು ತೆರೆಯಿತು, ಬಾಯಲ್ಲಿ ಬ್ರಷ್ಷು, ತುಟಿಯ ತುದಿಯಲ್ಲಿ ಪೇಸ್ಟಿನ ನೊರೆ, ತಲೆಯಾಡಿಸಿದಳು. ಅಷ್ಟು ಸಾಕಿತ್ತು. ಅಕ್ಕನಿಗೆ ಫೋನು, ಅಯ್ಯೋ ನನ್ನ ಕಂದ, ಒಳ್ಳೇ ಸುದ್ದಿ ಹೇಳಿದೆ ಕಣೋ, ಹಾಳಾದ್ದು ಈ ಮಂಡಿನೋವು, ಇಲ್ದಿದ್ರೆ ಈಗಲೇ ಹೊರಟು ಬರ್ತಿದ್ದೆ, ಫೋನು ಅವಳ ಕೈಗೆ ಕೊಡು, ಪುಟ್ಟಿ ಫೋನು ಕಿವಿಗಿಟ್ಟುಕೊಂಡು ಹೂಂ ಅತ್ತೆ, ಹೂಂ ಅತ್ತೆ, ಸರಿ ಅತ್ತೆ, ಮೆಡಿಕಲ್ ಶಾಪಿನ ಮುಂದೆ ಅವನು ಉಳಿದ ಗಿರಾಕಿಗಳೆಲ್ಲ ಖಾಲಿಯಾಗುವವರೆಗೆ ಕೆಮ್ಮಿನ ಔಷಧಿಯ ಬಾಟಲಿಗಳನ್ನು ನೋಡುತ್ತಾ ನಿಂತ, ಯಾವ ಸೈಜು ಬೇಕು ಅಂತ ಕೇಳಿದರೆ ಬೆವರು, ಬಟ್ಟೆ ಮುಟ್ಟಿದರೆ ನೂಲಿನ ಜಾತಕ ಹೇಳುವವನಿಗೆ ಇದರ ಸೈಜು ಗೊತ್ತಿಲ್ಲ, ಚೆನ್ನಾಗಿ ಹೀರಿಕೊಳ್ಳೋದು ಕೊಡಿ ಎಂದ, ಅಂಗಡಿಯವಳು ನಕ್ಕಳು, ಅವನೂ ನಕ್ಕ, ಅವತ್ತು ಅವನಿಗೆ ಎಲ್ಲದಕ್ಕೂ ನಗು ಬರುತ್ತಿತ್ತು. ಯಾರಿಗೂ ಹೇಳಬಾರದು ಅಂದುಕೊಂಡೇ ಕೆಲಸಕ್ಕೆ ಹೋದವನು ಮಧ್ಯಾಹ್ನದೊಳಗೆ ಇಸ್ತ್ರಿಯವನಿಗೆ ಹೇಳಿಬಿಟ್ಟ, ನಮ್ಮ ಪುಟ್ಟಿ ದೊಡ್ಡವಳಾದಳು, ಇಸ್ತ್ರಿಯವನು ಹಬೆಯ ಪೆಡಲಿನಿಂದ ಕಾಲು ತೆಗೆದು, ಬೆವರಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದವನಿಗೆ ಕೊಟ್ಟ ಹಾಗೆ ಕೈ ಕುಲುಕಿದ. ಸತ್ತ ತುದಿಯಿಂದ ರಕ್ತ ಎಂದು ಡಾಕ್ಟರಮ್ಮ ಹೇಳಿದಾಗ ಮೊದಲು ನೆನಪಾದದ್ದು ಆ ಕೈಕುಲುಕು, ಎಷ್ಟು ಗಟ್ಟಿಯಾಗಿ ಹಿಡಿದಿದ್ದ ಪಾಪ.

ಆಯ್ತು ಅಪ್ಪ, ತುಂಬಿದೆ, ಎಂದಳು ಪುಟ್ಟಿ, ಬಾಟಲಿ ಅವನ ಕೈಗೆ ಕೊಟ್ಟು ಒಳಗೆ ಹೋದಳು, ನೀವಿಲ್ಲೇ ಇರಿ ಅಂದರು, ಇಲ್ಲೇ ಇದ್ದಾನೆ, ಬಾಟಲಿಯ ಮುಚ್ಚಳ ತಿರುಗಿಸುತ್ತಾ ತೆಗೆಯುತ್ತಾ. ಈ ಕಾಯಿಲೆಯ ಮಕ್ಕಳಲ್ಲಿ ಅಪರೂಪಕ್ಕೆ ಕಿಡ್ನಿಯಲ್ಲಿ ಗಡ್ಡೆ ಬೆಳೆಯುತ್ತೆ, ಅದು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು ಅಂದಿದ್ದಳು ಡಾಕ್ಟರಮ್ಮ, ಅಪರೂಪಕ್ಕೆ ಎನ್ನುವ ಮಾತನ್ನು ಅವಳು ಎರಡು ಸಲ ಹೇಳಿದಳು, ಎರಡನೇ ಸಲ ಹೇಳದಿದ್ದರೆ ಅವನು ನಂಬುತ್ತಿದ್ದ. ಪುಟ್ಟಿ ಒಮ್ಮೆ ಕೇಳಿದ್ದಳು, ಅವನು ತಟ್ಟೆ ತೊಳೆಯುತ್ತಿದ್ದಾಗ, ಅಪ್ಪ, ಅದು ಬಂದಾಗ ನಮ್ಮ ಕ್ಲಾಸಿನವರಿಗೆಲ್ಲ ಹೊಟ್ಟೆ ನೋಯುತ್ತಂತೆ, ನಂಗ್ಯಾಕೆ ನೋಯಲ್ಲ, ನೋಯದಿದ್ರೆ ಬಿಡು ಮಗಳೇ, ನಿನ್ನ ಪಾಲಿನ ನೋವೆಲ್ಲ ಮುಂಗಡವಾಗೇ ಮುಗಿಸಿದ್ದೀಯ, ಎಂದು ಜಾಣ ಮಾತು ಆಡಿ ನಲ್ಲಿ ಜೋರು ಮಾಡಿದ್ದ. ಇನ್ನೊಮ್ಮೆ, ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಅದು ಬರೀ ಒಂದಕ್ಕೆ ಹೋದಾಗ ಮಾತ್ರ ಬರೋದಾ ಅಪ್ಪ, ಅವನ ಕಿವಿ ಬಿಸಿಯಾಗಿತ್ತು, ಮುಂದಿನ ಸೀಟಿನವಳು ಕೇಳಿಸಿಕೊಂಡಳೇನೋ ಎಂದು, ಅದೆಲ್ಲ ಅತ್ತೆನ ಕೇಳು, ಶ್ — ಶ್ ಅಂದನೇ? ಅಂದಿದ್ದ. ಅವಳು ಅತ್ತೆಯನ್ನು ಕೇಳಲಿಲ್ಲ. ಕಪಾಟಿನಲ್ಲಿ ಪ್ಯಾಡಿನ ಪೊಟ್ಟಣ ತಿಂಗಳು ಕಳೆದರೂ ಹಾಗೇ ದಪ್ಪಗಿತ್ತು, ಹುಡುಗಿ ಜೋಪಾನವಾಗಿ ಬಳಸುತ್ತಾಳೆ, ಅಪ್ಪನ ಮೇಲೆ ಹೊರೆ ಹಾಕಬಾರದು ಅಂತ, ಎಂದು ಅದಕ್ಕೂ ಹೆಮ್ಮೆಪಟ್ಟ, ಅವನ ಹೆಮ್ಮೆಗೆ ಆಗ ಏನು ಹಾಕಿದರೂ ಜೀರ್ಣವಾಗುತ್ತಿತ್ತು. ಅವಳು ಹೇಳಲು ನೋಡಿದ್ದಳು, ಅವಳಿಗೆ ಗೊತ್ತಿತ್ತು, ಪೂರ್ತಿ ಅಲ್ಲದಿದ್ದರೂ ಇದು ಅದಲ್ಲ ಎನ್ನುವಷ್ಟು, ಮತ್ತೆ ಯಾಕೆ ತಲೆಯಾಡಿಸಿದಳು, ಬ್ರಷ್ಷು ಬಾಯಲ್ಲಿ, ನೊರೆ, ತಲೆಯಾಡಿಸಿದಳು — ತಕ್ಷಣ ಅಲ್ಲ. ತಕ್ಷಣ ಆಡಿಸಲಿಲ್ಲ. ನಡುವೆ ಸ್ವಲ್ಪ ಜಾಗ ಇತ್ತು, ಆ ಜಾಗದಲ್ಲಿ ಅವಳು ಏನು ಮಾಡುತ್ತಿದ್ದಳು?

ಅವಳನ್ನು ಕೇಳುವುದೇನು, ಅವನಿಗೇ ಗೊತ್ತಿರಲಿಲ್ಲವೇ. ರಕ್ತ ಹಾಗೇ ಬಿದ್ದರೆ ಬಿದ್ದ ಕಡೆ ನಿಲ್ಲುತ್ತದೆ, ನಡು ಗಟ್ಟಿ, ಒಣಗಿದರೆ ಚಕ್ಕೆ ಏಳುತ್ತದೆ, ಅದು ಅವನಿಗೆ ಕನಸಿನಲ್ಲಿ ಎಬ್ಬಿಸಿ ಕೇಳಿದರೂ ಗೊತ್ತು, ನೀರಿನಲ್ಲಿ ಬೆರೆತ ಬಣ್ಣ ಹಾಗಲ್ಲ, ನೀರು ಎಲ್ಲಿಯವರೆಗೆ ಓಡಿತೋ ಅಲ್ಲಿಯವರೆಗೆ ಅದನ್ನು ಹೊತ್ತುಕೊಂಡು ಹೋಗಿ ಅಂಚಿನಲ್ಲಿ ಬಿಟ್ಟು ಬರುತ್ತದೆ, ನಡು ತೆಳು, ಅಂಚು ಗಾಢ, ತಟ್ಟೆಯಗಲದ ಬಳೆ. ಹಾಸುಬಟ್ಟೆಯ ಮೇಲೆ ಇದ್ದದ್ದು ಅಂಥ ಬಳೆ. ಅವನು ಅದನ್ನು ಕಿಟಕಿಗೆ ಎತ್ತಿ ಹಿಡಿದಿದ್ದ, ಡಾಕ್ಟರಮ್ಮ ಡಬ್ಬಿ ಹಿಡಿದ ಹಾಗೇ, ಕೈ ಒಂದು ಗಳಿಗೆ ನಿಂತಿತ್ತು, ಇದೇನು ಹೀಗಿದೆ ಎಂದು ಕೈ ಕೇಳಿತ್ತು, ಬೇರೆಯವರ ಬಟ್ಟೆಯಾಗಿದ್ದರೆ ಮೇಜಿನ ಮೇಲೆ ಹರಡಿ, ದೀಪ ಹತ್ತಿರ ಎಳೆದುಕೊಂಡು, ಯಜಮಾನರೇ ಇದು ಗಾಯದ್ದಲ್ಲ, ಬೇರೆ ಏನೋ, ಗಿರಾಕಿಯನ್ನು ಒಂದು ಮಾತು ಕೇಳಿ ಎನ್ನುತ್ತಿದ್ದ, ಎಷ್ಟು ಸಲ ಅಂದಿದ್ದಾನೆ, ಕೇಳದೆ ಕಲೆಗೆ ಕೈ ಹಚ್ಚಬಾರದು ಎಂದು ಹೊಸದಾಗಿ ಕೆಲಸಕ್ಕೆ ಬಂದವರಿಗೆಲ್ಲ ಪಾಠ ಹೇಳುವವನು. ಸ್ವಂತ ಮನೆಯದಕ್ಕೆ ಮಾತ್ರ ಬಕೆಟ್ಟಿಗೆ ತಣ್ಣೀರು ತುಂಬಿ — ರಕ್ತಕ್ಕೆ ತಣ್ಣೀರೇ, ಬಿಸಿನೀರು ತಾಗಿದರೆ ಬಟ್ಟೆಯಲ್ಲೇ ಬೆಂದು ಕೂರುತ್ತದೆ — ಬೇಗ ಬೇಗ ಅದುಮಿದ, ಬಳೆ ನೀರಿನಲ್ಲಿ ಬಿಚ್ಚಿಕೊಂಡಿತು, ಒಂದು ಗೆರೆಯೂ ಉಳಿಯಲಿಲ್ಲ, ಅವನ ಕೈಯಲ್ಲಿ ಯಾವ ಕಲೆ ತಾನೇ ಉಳಿದಿದೆ. ಆಮೇಲೆ ಪ್ರತಿ ಸಲವೂ ಅಷ್ಟೇ, ನೋಡದೆ ನೆನೆಹಾಕಿದ. ತನ್ನ ಮೇಲೆ ಅವನಿಗೆ ಈಗ ಸಿಟ್ಟು ಬರಬೇಕು, ಬರುತ್ತಿಲ್ಲ. ಬಾಟಲಿಯ ಮುಚ್ಚಳ ಕೈಜಾರಿ ಬೆಂಚಿನ ಕೆಳಗೆ ಉರುಳಿತು, ಅವನು ಬಗ್ಗಿ ತೆಗೆದುಕೊಂಡ.

ಒಳಗೆ ಬನ್ನಿ ಎಂದರು. ಮಂಚದ ಮೇಲೆ ಹಾಸಿದ ಕಾಗದದ ಮೇಲೆ ಪುಟ್ಟಿ ಕಾಲು ಇಳಿಬಿಟ್ಟು ಕೂತಿದ್ದಾಳೆ, ಬಚ್ಚಲಿಗೆ ಹೋಗಿ ಬಂದಿದ್ದಾಳೆ, ಅಂಗಿಯ ಅಂಚಿಗೆ ಹೊಟ್ಟೆಗೆ ಹಚ್ಚಿದ ಜೆಲ್ಲಿ ಅಂಟಿದೆ, ಅದು ನೀರಿಗೇ ಹೋಗುತ್ತದೆ — ನೋಡಬೇಡ ಅಂಗಿಯನ್ನು, ಎಂದು ಅವನು ತನ್ನನ್ನು ತಾನೇ ಗದರಿಕೊಂಡ. ಡಾಕ್ಟರಮ್ಮ ಸ್ಕ್ಯಾನಿನ ಹಾಳೆ ಹಿಡಿದು, ಗಡ್ಡೆ ಏನೂ ಇಲ್ಲ, ಮೊದಲು ಅದನ್ನ ಹೇಳಿಬಿಡ್ತೀನಿ, ಎಂದಳು, ಅವನ ಮುಖ ಅವನನ್ನು ಕೇಳದೇ ಅರಳಿತು, ಕೆನ್ನೆ ಮೇಲೆ ಹೋದದ್ದು ಅವನಿಗೇ ಗೊತ್ತಾಯಿತು, ಎಡಗಡೆ ಕಿಡ್ನಿಯ ತುದಿ ಸವೆದಿದೆ, ಹೋದದ್ದು ಹೋಯಿತು, ಉಳಿದದ್ದನ್ನ ಉಳಿಸಿಕೊಳ್ಳೋಣ, ಇವತ್ತೇ ಅಡ್ಮಿಟ್ ಆಗಲಿ, ಡ್ರಿಪ್ ಹಾಕ್ತೀವಿ, ಆದ್ರೆ ಆ ಕಡೆ ಮೂತ್ರದ ಕೊಳವೆ ಸ್ವಲ್ಪ ಊದಿದೆ, ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿರಬಹುದು, ಸಿಕ್ಕಿಕೊಂಡಿದ್ರೆ ನೋವಿರಬೇಕು, ನೋವಿದ್ರೆ ಈಗಲೇ ಆಪರೇಷನ್ ಡಾಕ್ಟರನ್ನ ಕರೆಸ್ತೀನಿ, ಇಲ್ಲದಿದ್ರೆ ನಾಳೆವರೆಗೂ ನೋಡಬಹುದು, ಅದಕ್ಕೇ ಸರಿಯಾಗಿ ಹೇಳಮ್ಮ, ಸೊಂಟದ ಮೇಲೆ, ಇಲ್ಲಿ, ಹಿಂದುಗಡೆ, ನೋಯ್ತಿದೆಯಾ? ಪುಟ್ಟಿ ಡಾಕ್ಟರಮ್ಮನನ್ನು ನೋಡಲಿಲ್ಲ. ತಲೆ ಎತ್ತಿ ಅವನ ಮುಖ ನೋಡಿದಳು, ಗಡ್ಡೆ ಇಲ್ಲ ಎಂದು ಅರಳಿ ಇನ್ನೂ ಇಳಿಯದ ಆ ಮುಖವನ್ನು, ಅವನು ಕಲೆ ನೋಡುವಷ್ಟು ಹೊತ್ತು ನೋಡಿದಳು, ನೋಡಿ, ತಲೆಯನ್ನು ಇಲ್ಲ ಎಂದು ಆಡಿಸತೊಡಗಿದಳು — ಇದು, ಇದೇ, ಅವತ್ತು ಬಚ್ಚಲ ಬಾಗಿಲಲ್ಲಿ, ಆ ನಡುವಿನ ಜಾಗದಲ್ಲಿ ಇದ್ದದ್ದು ಇದು. ಅವನು ತಿರುಗಿಬಿಟ್ಟ. ಮಗಳಿಗೆ ಬೆನ್ನು ಹಾಕಿ ಗೋಡೆಗೆ ಮುಖ ಮಾಡಿ ನಿಂತ, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವನ ಹಾಗೆ, ಡಾಕ್ಟರಮ್ಮ ಏನಂದುಕೊಂಡಳೋ, ಅಂದುಕೊಳ್ಳಲಿ, ಅವರಿಗೆ ಹೇಳು ಪುಟ್ಟಿ, ನನಗಲ್ಲ, ನಾನು ನೋಡ್ತಿಲ್ಲ, ಎಂದ ಗೋಡೆಗೆ. ಹಿಂದೆ ಮಂಚದ ಕಾಗದ ಸರಕ್ಕೆಂದಿತು, ಮೊನ್ನೆಯಿಂದ, ಎಂದಳು ಪುಟ್ಟಿ, ತುಂಬಾ, ಇಲ್ಲಿ, ಡಾಕ್ಟರಮ್ಮ ಫೋನು ಎತ್ತಿಕೊಂಡಳು, ಯಾರನ್ನೋ ಕರೆಯುತ್ತಿದ್ದಾಳೆ, ಬೇಗ ಎನ್ನುತ್ತಿದ್ದಾಳೆ, ಅವನು ಇನ್ನೂ ತಿರುಗಿಲ್ಲ, ಗೋಡೆ ಬೆಳ್ಳಗಿದೆ, ಅದರ ಮೇಲೆ ಒಂದು ಕಲೆಯೂ ಇಲ್ಲ, ಇರುವುದು ಬಚ್ಚಲ ಬಾಗಿಲು ಮಾತ್ರ, ಅದು ತೆರೆಯುತ್ತದೆ, ಬಾಯಲ್ಲಿ ಬ್ರಷ್ಷು, ತುಟಿಯಲ್ಲಿ ನೊರೆ, ಕಣ್ಣು ಮೇಲೆ ಬರುತ್ತದೆ, ಅವನ ಮುಖಕ್ಕೆ, ಮೊದಲು ಅವನ ಮುಖಕ್ಕೆ, ಅಲ್ಲಿ ನಿಲ್ಲುತ್ತದೆ, ಆಮೇಲೆ ತಲೆ — ಬಾಗಿಲು ತೆರೆಯುತ್ತದೆ, ನೊರೆ, ಕಣ್ಣು, ಮೊದಲು ಅವನ ಮುಖಕ್ಕೆ